ಸಾಲ ವಸೂಲಿಯ ಐದು ಮಾರ್ಗಗಳು: ಕಲ್ಯಾಣದ ಮಿತಾಕ್ಷರದಿಂದ ಬೀದರಿನ ಗಂಜಿನವರೆಗೆ

ಕೊಟ್ಟ ಸಾಲವನ್ನು ಮರಳಿ ಪಡೆಯುವುದು ಸಾಹುಕಾರನ ಹಕ್ಕು. ಇದನ್ನು ಯಾವ ಕಾಲದ ಧರ್ಮಶಾಸ್ತ್ರವೂ, ಯಾವ ಸರ್ಕಾರದ ಕಾನೂನೂ ಅಲ್ಲಗಳೆದಿಲ್ಲ. ಆದರೆ ಅದನ್ನು ಯಾವ ರೀತಿಯಲ್ಲಿ ಮರಳಿ ಪಡೆಯಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಬಂದಿವೆ. ಬೀದರ, ಭಾಲ್ಕಿ, ಔರಾದಗಳ ಪೇಟೆಯಲ್ಲಿ ಅಡತಿ, ಕಿರಾಣಿ, ಬಟ್ಟೆ, ಬಂಗಾರದ ವ್ಯಾಪಾರವನ್ನು ನಂಬಿ ಬದುಕುವ ಕುಟುಂಬಗಳಿಗೆ ಉದ್ರಿ ಕೊಡುವುದು ತಪ್ಪಿದ್ದಲ್ಲ. ಆದುದರಿಂದ ವಸೂಲಿಯ ಪ್ರಶ್ನೆಯೂ ತಪ್ಪಿದ್ದಲ್ಲ. ಈ ಪ್ರಶ್ನೆಯ ಇತಿಹಾಸವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಅದರ ಮೊದಲ ದೊಡ್ಡ ಅಧ್ಯಾಯವು ನಮ್ಮ ಜಿಲ್ಲೆಯ ನೆಲದಲ್ಲಿಯೇ ಬರೆಯಲ್ಪಟ್ಟಿತು.

ಕಲ್ಯಾಣದ ನ್ಯಾಯ

ಇಂದು ಬೀದರ ಜಿಲ್ಲೆಯ ತಾಲೂಕು ಕೇಂದ್ರವಾಗಿರುವ ಬಸವಕಲ್ಯಾಣವು ಹಿಂದೆ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (ಕ್ರಿ.ಶ. ೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಅವಿಭಕ್ತ ಕುಟುಂಬದ ಪಾಲುಗಾರಿಕೆಗೆ ಇದು ಆಧಾರಗ್ರಂಥವೆಂದು ವಕೀಲರೆಲ್ಲರೂ ಬಲ್ಲರು. ಆದರೆ ಇದರ ವ್ಯವಹಾರಾಧ್ಯಾಯದಲ್ಲಿ 'ಋಣಾದಾನ' ಎಂಬ ವಿಸ್ತಾರವಾದ ಪ್ರಕರಣವೊಂದಿದೆ ಎಂಬುದು ವ್ಯಾಪಾರಿಗಳಾದ ನಮ್ಮಲ್ಲಿ ಬಹು ಮಂದಿಗೆ ತಿಳಿಯದು.

ಸಾಲ ವಸೂಲಿಗೆ ಮನುವು ಹೇಳಿದ ಐದು ಉಪಾಯಗಳನ್ನು ವಿಜ್ಞಾನೇಶ್ವರನು ಇಲ್ಲಿ ವಿವರಿಸುತ್ತಾನೆ. ಮೊದಲನೆಯದು ಧರ್ಮ, ಅಂದರೆ ಒಳ್ಳೆಯ ಮಾತಿನಿಂದ ಒಪ್ಪಿಸುವುದು. ಎರಡನೆಯದು ವ್ಯವಹಾರ, ಅಂದರೆ ಸಾಕ್ಷಿ, ಪತ್ರಗಳೊಡನೆ ನ್ಯಾಯಸಭೆಗೆ ಹೋಗುವುದು. ಮೂರನೆಯದು ಛಲ. ಹಬ್ಬ ಉತ್ಸವಗಳ ನೆಪದಲ್ಲಿ ಸಾಲಗಾರನ ಒಡವೆಯನ್ನು ಕೇಳಿ ಪಡೆದು ಹಿಡಿದಿಟ್ಟುಕೊಳ್ಳುವುದು ಇದರ ಉದಾಹರಣೆ. ನಾಲ್ಕನೆಯದು ಆಚರಿತ, ಅಂದರೆ ಉಪವಾಸ ಕುಳಿತು ಸಾಲಗಾರನನ್ನು ಇಕ್ಕಟ್ಟಿಗೆ ಸಿಲುಕಿಸುವುದು. ಐದನೆಯದು ಬಲ, ಅಂದರೆ ಸಂಕೋಲೆ ಹಾಕುವುದು ಮುಂತಾದ ಒತ್ತಾಯ. ಸಾಲಗಾರನು ಒಪ್ಪಿಕೊಂಡ ಸಾಲವನ್ನು ಹೀಗೆ ವಸೂಲು ಮಾಡುವ ಸಾಹುಕಾರನನ್ನು ಅರಸನು ದೂಷಿಸುವಂತಿರಲಿಲ್ಲ. ಒಪ್ಪಿಕೊಂಡ ಸಾಲಕ್ಕೆ ಅರಸನ ಬಳಿ ದೂರು ಕೊಂಡೊಯ್ದ ಸಾಲಗಾರನೇ ದಂಡಕ್ಕೆ ಗುರಿಯಾಗುತ್ತಿದ್ದನು.

ಅಂದಿನ ನ್ಯಾಯವು ಸಾಹುಕಾರನ ಕಡೆಗೆ ಎಷ್ಟು ವಾಲಿತ್ತೆಂಬುದು ಇದರಿಂದ ಸ್ಪಷ್ಟ. ಆದರೂ ಅದರಲ್ಲಿ ಒಂದು ಗಟ್ಟಿಯಾದ ಗೆರೆಯಿದೆ. ಈ ಸ್ವಾತಂತ್ರ್ಯವು ಒಪ್ಪಿಕೊಂಡ ಸಾಲಕ್ಕೆ ಮಾತ್ರ. ಸಾಲಗಾರನು ಲೆಕ್ಕವನ್ನು ಪ್ರಶ್ನಿಸಿ ವಿಚಾರಣೆಯನ್ನು ಕೋರಿದರೆ ಸಾಹುಕಾರನು ಕೈ ತಡೆಯಬೇಕು. ತಡೆಯದೆ ಪೀಡಿಸಿದವನು ಆ ಹಣವನ್ನೂ ಕಳೆದುಕೊಂಡು ಅಷ್ಟೇ ಮೊತ್ತದ ದಂಡವನ್ನೂ ತೆರಬೇಕೆಂದು ಸ್ಮೃತಿಕಾರನಾದ ಕಾತ್ಯಾಯನನು ವಿಧಿಸಿದ್ದಾನೆ. ಪೀಡನೆಯು ಸಾಲವನ್ನೇ ಮುಳುಗಿಸುತ್ತದೆ ಎಂಬ ತತ್ತ್ವವು ಇಂದಿನ ಶಾಸನಸಭೆಗಳ ಹೊಸ ಕಲ್ಪನೆಯಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಬಡ್ಡಿಗೂ ಮಿತಿಯಿತ್ತು. ಅಡವು ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಭಾಗ, ಅಂದರೆ ವರ್ಷಕ್ಕೆ ನೂರಕ್ಕೆ ೧೫. ಅಡವಿಲ್ಲದ ಸಾಲಕ್ಕೆ ಸಾಲಗಾರನ ವರ್ಣವನ್ನು ನೋಡಿ ತಿಂಗಳಿಗೆ ನೂರಕ್ಕೆ ೨ರಿಂದ ೫ರವರೆಗೆ. ಹೀಗೆ ಕೆಳವರ್ಣದವನ ಮೇಲೆ ಹೆಚ್ಚಿನ ಬಡ್ಡಿಯನ್ನು ಹೇರಿದ್ದು ಆ ವ್ಯವಸ್ಥೆಯ ಅನ್ಯಾಯವೇ ಸರಿ. ನಗದು ಸಾಲವು ಎಷ್ಟೇ ವರ್ಷ ಬೆಳೆದರೂ ಅಸಲಿನ ಎರಡು ಪಟ್ಟನ್ನು ಮೀರಬಾರದು. ಇದೇ ಮುಂದೆ 'ದಾಮದುಪ್ಪಟ್ಟು' ಎಂದು ಪ್ರಸಿದ್ಧವಾಯಿತು. ಸಾಲಗಾರನು ಹಣ ತಂದಾಗ ಸಾಹುಕಾರನು ತೆಗೆದುಕೊಳ್ಳದಿದ್ದರೆ ಅದನ್ನು ಮಧ್ಯಸ್ಥನ ಬಳಿ ಇಡಬಹುದು, ಅಂದಿನಿಂದ ಬಡ್ಡಿ ನಿಲ್ಲುತ್ತದೆ. ಪ್ರತಿ ಪಾವತಿಯನ್ನೂ ಪತ್ರದ ಹಿಂಬದಿಯಲ್ಲಿ ಬರೆಯಬೇಕು, ಅಥವಾ ಸಾಹುಕಾರನು ಸ್ವಹಸ್ತದ ರಸೀದಿ ಕೊಡಬೇಕು. ಸಾಲ ತೀರಿದ ದಿನ ಪತ್ರವನ್ನು ಹರಿಯಬೇಕು. ಒಂಬೈನೂರು ವರ್ಷಗಳ ಹಿಂದೆ ಹೇಳಿದ ಈ ಕೊನೆಯ ಎರಡು ಮಾತುಗಳನ್ನು ನಮ್ಮ ಪೇಟೆಯಲ್ಲಿ ಇಂದಿಗೂ ಎಷ್ಟು ಅಂಗಡಿಗಳು ತಪ್ಪದೆ ಪಾಲಿಸುತ್ತಿವೆ ಎಂದು ನಾವೇ ಕೇಳಿಕೊಳ್ಳಬೇಕು.

ಶ್ರಾವಕನ ಮೇಲಿನ ಹೆಚ್ಚಿನ ಕಟ್ಟು

ಅರಸನ ನ್ಯಾಯವು ಅನುಮತಿಸಿದುದೆಲ್ಲವೂ ಶ್ರಾವಕನಿಗೆ ಸಲ್ಲುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳನ್ನು ಸಾಮಾನ್ಯವಾಗಿ ಸಾಕುಪ್ರಾಣಿಗಳ ವಿಷಯದಲ್ಲಿ ವಿವರಿಸುತ್ತಾರೆ. ಆದರೆ ಸಾಲಗಾರನನ್ನು ಅಂಗಡಿಯಲ್ಲಿ ಕೂಡಿಹಾಕುವುದು ಬಂಧವಲ್ಲವೇ? ಹೊರಲಾರದ ಬಡ್ಡಿಯು ಅತಿಭಾರಾರೋಪಣವಲ್ಲವೇ? ಬೀಜದ ಕಾಳನ್ನೂ ಅಡಿಗೆಯ ಪಾತ್ರೆಯನ್ನೂ ಹೊತ್ತು ತರುವುದು ಅನ್ನಪಾನನಿರೋಧವಲ್ಲವೇ?

ಸತ್ಯಾಣುವ್ರತದ ಅತಿಚಾರಗಳಲ್ಲಿ ಎರಡು ನೇರವಾಗಿ ಲೇವಾದೇವಿಗೆ ಸಂಬಂಧಿಸಿದವು. ಒಂದು ಕೂಟಲೇಖಕ್ರಿಯೆ, ಅಂದರೆ ಆಡದ ಮಾತನ್ನು, ಮಾಡದ ವ್ಯವಹಾರವನ್ನು ಬರೆದು ಪತ್ರ ಸೃಷ್ಟಿಸುವುದು. ಇನ್ನೊಂದು ನ್ಯಾಸಾಪಹಾರ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಇಟ್ಟ ವಸ್ತುವಿನ ಲೆಕ್ಕವನ್ನು ಮರೆತವನು ಕಡಿಮೆ ಕೇಳಿದಾಗ, ತಿಳಿದವನು 'ಸರಿ' ಎಂದು ತಲೆಯಾಡಿಸಿದರೂ ವ್ರತಕ್ಕೆ ದೋಷ. ಅಡವಿನ ವ್ಯಾಪಾರಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ. ಅಚೌರ್ಯಾಣುವ್ರತದಲ್ಲಿ ಬರುವ ವಿರುದ್ಧರಾಜ್ಯಾತಿಕ್ರಮವು ರಾಜ್ಯದ ಕಟ್ಟಳೆಯನ್ನು ಮೀರಿದ ವ್ಯವಹಾರವನ್ನು ಕಳವಿನ ಸಾಲಿನಲ್ಲಿ ನಿಲ್ಲಿಸುತ್ತದೆ. ಹೀಗಾಗಿ ಕಾನೂನು ಪಾಲನೆಯು ನಮಗೆ ವ್ರತದ ಅಂಗವೂ ಹೌದು.

ನಿಜಾಮರ ಕಾಲ

ಕಲ್ಯಾಣದ ವೈಭವ ಮುಗಿದ ಮೇಲೆ ಈ ಸೀಮೆಯು ಬಹಮನಿ, ಬರೀದಶಾಹಿ, ಮೊಗಲರ ಆಳ್ವಿಕೆಗಳನ್ನು ಕಂಡು ಕೊನೆಗೆ ಹೈದರಾಬಾದಿನ ನಿಜಾಮರ ರಾಜ್ಯದಲ್ಲಿ ಸೇರಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಆ ರಾಜ್ಯದಲ್ಲಿ ಐದನೆಯ ಮಾರ್ಗವಾದ ಬಲವೇ ಮೇಲುಗೈ ಪಡೆದಿತ್ತು. ಅರಬ ಮತ್ತು ರೋಹಿಲಾ ಸಿಪಾಯಿಗಳು ತಾವೇ ಸಾಲ ಕೊಡುತ್ತಿದ್ದರು, ಬೇರೆಯವರ ಸಾಲವನ್ನೂ ವಸೂಲು ಮಾಡಿಕೊಡುತ್ತಿದ್ದರು, ಸಾಲಗಾರರನ್ನು ತಮ್ಮ ಮನೆಗಳಲ್ಲಿಯೇ ಸೆರೆಯಿಡುತ್ತಿದ್ದರು. ೧೮೫೩ರಲ್ಲಿ ದಿವಾನರಾದ ಮೊದಲನೆಯ ಸಾಲಾರಜಂಗರು ಈ ಖಾಸಗಿ ಸೆರೆಮನೆಗಳನ್ನು ಅಡಗಿಸಿ, ಜಿಲ್ಲೆಗಳನ್ನು ರಚಿಸಿ, ಅದಾಲತುಗಳನ್ನು ಸ್ಥಾಪಿಸಿದರು. ವಸೂಲಿಯ ಅಧಿಕಾರವು ಸಿಪಾಯಿಯ ಕೈಯಿಂದ ಮುನ್ಸೀಫನ ಕೈಗೆ ಬರತೊಡಗಿದುದು ಅಲ್ಲಿಂದ.

ಅದೇ ಕಾಲದಲ್ಲಿ ನೆರೆಯ ಮುಂಬಯಿ ಇಲಾಖೆಯಲ್ಲಿ ಬೇರೊಂದು ಪಾಠ ನಡೆಯಿತು. ಅಲ್ಲಿ ಅದಾಲತುಗಳಿದ್ದವು, ಸಾಹುಕಾರರ ಕೈಯಲ್ಲಿ ಕಾಗದವೂ ಇತ್ತು. ೧೮೫೯ರ ವಾಯಿದೆ ಕಾನೂನಿನಿಂದ ಸಾಲದ ಪತ್ರಕ್ಕೆ ಮೂರು ವರ್ಷದ ಆಯುಷ್ಯ ಬಂದಿತು. ರೈತನಿಗೆ ಅನುಕೂಲವಾಗಲೆಂದು ಮಾಡಿದ ಈ ನಿಯಮದ ಫಲವೇ ಬೇರೆಯಾಯಿತು. ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ತಮಸುಕ ಬರೆಸುವ ರೂಢಿ ಬೆಳೆಯಿತು. ಹತ್ತಿಯ ಬೆಲೆ ಕುಸಿದು, ಭೂಕಂದಾಯ ಏರಿದಾಗ ರೈತರು ಸಿಡಿದೆದ್ದರು. ೧೮೭೫ರ ಮೇ ೧೨ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾದ ದಂಗೆಯು ಅಹಮದನಗರ ಜಿಲ್ಲೆಗೂ ಹಬ್ಬಿತು. ಗುರಿಯಾದವರು ಮಾರವಾಡಿ, ಗುಜರಾತಿ ಸಾಹುಕಾರರು. ದಂಗೆಕೋರರು ಹುಡುಕಿದುದು ಮುಖ್ಯವಾಗಿ ಪತ್ರಗಳನ್ನು, ಸುಟ್ಟುದೂ ಅವನ್ನೇ. ಇದರ ಫಲವಾಗಿ ಬಂದ ೧೮೭೯ರ ದಖ್ಖನ ರೈತರ ಪರಿಹಾರ ಕಾಯಿದೆಯು, ಪತ್ರದ ಅಂಕಿಯನ್ನು ಬದಿಗಿಟ್ಟು ವ್ಯವಹಾರದ ಮೂಲವನ್ನೇ ಕೆದಕುವ ಅಧಿಕಾರವನ್ನು ನ್ಯಾಯಾಧೀಶನಿಗೆ ಕೊಟ್ಟಿತು. ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಕಳುಹಿಸುವುದನ್ನು ನಿಲ್ಲಿಸಿತು. ಕಾಗದವು ಕಾನೂನಿಗೆ ಸರಿಯಾಗಿದ್ದರೂ ಲೆಕ್ಕವು ನ್ಯಾಯಕ್ಕೆ ಸರಿಯಾಗಿರದಿದ್ದರೆ ಆ ಕಾಗದ ನಿಲ್ಲದೆಂಬುದು ಆ ಬೆಂಕಿಯ ಪಾಠ.

ಬೀದರ ಸೇರಿದ್ದ ಹೈದರಾಬಾದ್ ರಾಜ್ಯವು ಈ ದಾರಿಗೆ ಬಂದುದು ತಡವಾಗಿ. ೧೯೨೯ರ ನಂತರದ ಬೆಲೆ ಕುಸಿತದಿಂದ ರೈತರ ಸಾಲ ಹೆಚ್ಚಿದಾಗ ಎರಡು ಮುಖ್ಯ ಶಾಸನಗಳು ಬಂದವು. ಸಾಲಕ್ಕೆ ಪ್ರತಿಯಾಗಿ ಆಳು ಕೊನೆಯಿಲ್ಲದೆ ದುಡಿಯುವ 'ಭಾಗೇಲಾ' ಪದ್ಧತಿಗೆ ಫಸಲಿ ೧೩೪೫ರ (ಕ್ರಿ.ಶ. ೧೯೩೬) ನಿಯಮವು ಕಡಿವಾಣ ಹಾಕಿತು. ಫಸಲಿ ೧೩೪೯ರ (೧೯೩೯–೪೦) ಲೇವಾದೇವಿದಾರರ ಕಾಯಿದೆಯು ಸಾಹುಕಾರಿಕೆಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಪರವಾನಗಿಯಿಲ್ಲದವನ ದಾವೆ ನಿಲ್ಲದೆಂಬ ಮಾತು ನಮ್ಮ ಸೀಮೆಗೆ ಬಂದು ಎಂಬತ್ತು ವರ್ಷಗಳೇ ಮೀರಿವೆ.

ಮುಚ್ಚಿದ ಮೂರು ದಾರಿಗಳು

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ರಾಜ್ಯವು ಭಾರತದಲ್ಲಿ ವಿಲೀನವಾಯಿತು. ೧೯೫೧ರಲ್ಲಿ ಭಾರತೀಯ ದಂಡ ಸಂಹಿತೆ ಹಾಗೂ ಸಿವಿಲ್ ಪ್ರಕ್ರಿಯಾ ಸಂಹಿತೆಗಳು ಇಲ್ಲಿಗೆ ವಿಸ್ತರಿಸಿದವು. ದಂಡ ಸಂಹಿತೆಯು ಛಲವನ್ನು ವಂಚನೆಯೆಂದೂ, ಬಲವನ್ನು ಅಕ್ರಮ ಬಂಧನ, ಸುಲಿಗೆ, ಬೆದರಿಕೆಗಳೆಂದೂ ಕರೆಯಿತು. ಮನೆಯ ಬಾಗಿಲಲ್ಲಿ ಧರಣಿ ಕುಳಿತು ದೈವಕೋಪದ ಭಯ ಹುಟ್ಟಿಸುವುದನ್ನು ಅದರ ೫೦೮ನೆಯ ಕಲಮು ಉದಾಹರಣೆ ಸಹಿತ ಅಪರಾಧವೆಂದು ಸಾರಿತ್ತು. ಹೀಗೆ ಆಚರಿತದ ಬಾಗಿಲೂ ಮುಚ್ಚಿತು. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈ ಅಪರಾಧಗಳು ಅದರಲ್ಲಿಯೂ ಮುಂದುವರಿದಿವೆ. ಐದು ಮಾರ್ಗಗಳಲ್ಲಿ ಉಳಿದವು ಎರಡೇ: ಧರ್ಮ ಮತ್ತು ವ್ಯವಹಾರ.

೧೯೫೬ರ ನವೆಂಬರ್ ೧ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಂತರ ಬಂದ ೧೯೬೧ರ ಲೇವಾದೇವಿದಾರರ ಕಾಯಿದೆಯು ರಾಜ್ಯಕ್ಕೆಲ್ಲ ಒಂದೇ ಕಟ್ಟಳೆಯನ್ನು ವಿಧಿಸಿತು. ಈ ಕಾಯಿದೆಯ ಅಡಿಯಲ್ಲಿ ಸರ್ಕಾರವು ಭದ್ರತೆಯುಳ್ಳ ಸಾಲಕ್ಕೆ ವರ್ಷಕ್ಕೆ ಶೇಕಡ ೧೪, ಭದ್ರತೆಯಿಲ್ಲದ ಸಾಲಕ್ಕೆ ಶೇಕಡ ೧೬ ಎಂದು ಬಡ್ಡಿಯ ಮಿತಿಯನ್ನು ಗೊತ್ತುಪಡಿಸಿತು. ಮಿತಾಕ್ಷರದ ೧೫ಕ್ಕೂ ಇದಕ್ಕೂ ಇರುವ ಅಂತರ ಎಷ್ಟು ಅಲ್ಪವೆಂಬುದನ್ನು ನೋಡಿರಿ. ೨೦೦೪ರಲ್ಲಿ ಬಂದ ಅತಿಯಾದ ಬಡ್ಡಿ ನಿಷೇಧ ಕಾಯಿದೆಯು ಮಿತಿ ಮೀರಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತು.

ಇದರ ನಡುವೆ ಸಾಲವನ್ನೇ ರದ್ದುಗೊಳಿಸುವ ಕಾನೂನುಗಳೂ ಬಂದವು. ೧೯೭೬ರ ಕರ್ನಾಟಕ ಋಣ ಪರಿಹಾರ ಕಾಯಿದೆಯು ಸಣ್ಣ ರೈತರು, ಭೂಹೀನ ಕೃಷಿಕಾರ್ಮಿಕರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲವನ್ನು ಮನ್ನಾ ಮಾಡಿ ಅಡವಿನ ವಸ್ತುಗಳನ್ನು ಮರಳಿಸಲು ಆಜ್ಞಾಪಿಸಿತು. ಅದೇ ವರ್ಷ ಜೀತ ಪದ್ಧತಿಯನ್ನು ರದ್ದುಪಡಿಸುವ ಕೇಂದ್ರ ಕಾಯಿದೆಯೂ ಬಂದಿತು. ಮಹಾರಾಷ್ಟ್ರದ ಇಂತಹ ಋಣ ಪರಿಹಾರ ಕಾಯಿದೆಯನ್ನು ಸಾಹುಕಾರರು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ, ೧೯೭೭ರಲ್ಲಿ ಫತೇಚಂದ್ ಹಿಮ್ಮತಲಾಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಅದನ್ನು ಎತ್ತಿಹಿಡಿಯಿತು. ೨೦೧೯ರ ಜುಲೈಯಲ್ಲಿ ಜಾರಿಗೆ ಬಂದ ಮತ್ತೊಂದು ಋಣ ಪರಿಹಾರ ಕಾಯಿದೆಯು, ಎರಡು ಹೆಕ್ಟೇರುವರೆಗಿನ ಸಣ್ಣ ರೈತರು, ಭೂಹೀನರು ಹಾಗೂ ೧.೨೦ ಲಕ್ಷ ರೂಪಾಯಿಗಿಂತ ಕಡಿಮೆ ವಾರ್ಷಿಕ ವರಮಾನದವರಿಗೆ ಉಪವಿಭಾಗಾಧಿಕಾರಿಗಳ ಬಳಿ ಅರ್ಜಿ ಹಾಕಲು ಅವಕಾಶವನ್ನಿತ್ತಿತು. ಬಡವನಿಗೆ ಕೊಟ್ಟ ಸಾಲಕ್ಕೆ ಇಂತಹ ಅಪಾಯ ಸದಾ ಇದೆಯೆಂದು ತಿಳಿದೇ ಕೊಡಬೇಕು.

ಬೀದರ ಕಂಡ ದುಃಖ

ಇಷ್ಟೆಲ್ಲ ಕಾನೂನುಗಳಿದ್ದೂ ೧೯೯೭–೯೮ರಲ್ಲಿ ಬೀದರ ಜಿಲ್ಲೆಯು ರೈತರ ಆತ್ಮಹತ್ಯೆಗಳಿಂದ ನಾಡಿನ ಗಮನವನ್ನು ಸೆಳೆಯಿತು. ತೊಗರಿಯಂತಹ ಬೆಳೆಗಳು ಕೈಕೊಟ್ಟವು. ಬ್ಯಾಂಕಿನ ಸಾಲಕ್ಕಿಂತ ಖಾಸಗಿ ಸಾಹುಕಾರರ, ಬೀಜ-ಗೊಬ್ಬರ-ಔಷಧಿ ಅಂಗಡಿಗಳ ಉದ್ರಿಯ ಭಾರ ರೈತನಿಗೆ ಹೆಚ್ಚು ಕಾಡಿತು. ಸಮಾಜವಿಜ್ಞಾನಿ ಎ. ಆರ್. ವಾಸವಿ ಅವರು ೧೯೯೯ರಲ್ಲಿ ಬೀದರಿನ ಈ ಸಂಕಟವನ್ನೇ ಕುರಿತು ಅಧ್ಯಯನ ಲೇಖನ ಪ್ರಕಟಿಸಿದರು. ಮುಂದೆ ಸರ್ಕಾರ ನೇಮಿಸಿದ ಡಾ. ಜಿ. ಕೆ. ವೀರೇಶ್ ಸಮಿತಿಯು ೨೦೦೨ರಲ್ಲಿ ವರದಿ ನೀಡಿತು. ಆತ್ಮಹತ್ಯೆಗೆ ಸಾಲವೊಂದೇ ಕಾರಣವಲ್ಲವೆಂಬುದು ನಿಜ. ಆದರೆ ಬಾಗಿಲಲ್ಲಿ ನಿಂತು ಊರೆಲ್ಲ ಕೇಳುವಂತೆ ಕೇಳಿದ ಮಾತು, ಹೆಂಡತಿ ಮಕ್ಕಳ ಮುಂದೆ ಮಾಡಿದ ಅವಮಾನ ಇವು ಮುರಿದ ಮನಸ್ಸಿಗೆ ಕೊನೆಯ ಪೆಟ್ಟಾಗಬಹುದು. ಹಾಗೆ ಪ್ರೇರೇಪಿಸಿದುದು ಸಿದ್ಧವಾದರೆ ನ್ಯಾಯ ಸಂಹಿತೆಯ ೧೦೮ನೆಯ ಕಲಮಿನಂತೆ ಹತ್ತು ವರ್ಷಗಳವರೆಗೆ ಶಿಕ್ಷೆಯಿದೆ. ಶಿಕ್ಷೆಯ ಮಾತು ಹಾಗಿರಲಿ. ಒಂದು ಜೀವದ ನಿಮಿತ್ತವಾದ ಪಾಪಬಂಧಕ್ಕೆ ಯಾವ ಖಾತೆಯಲ್ಲಿ ಜಮೆ ತೋರಿಸುವುದು?

ಸಣ್ಣ ಸಾಲಗಳ ವಸೂಲಿಯಲ್ಲಿ ಕಿರುಕುಳ ಹೆಚ್ಚಿತೆಂಬ ಕೂಗು ರಾಜ್ಯದ ಎಲ್ಲೆಡೆ ಎದ್ದಾಗ, ೨೦೨೫ರ ಫೆಬ್ರವರಿ ೧೨ರಂದು ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿತು; ಮಾರ್ಚಿಯಲ್ಲಿ ವಿಧಾನಮಂಡಲವು ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಇದರಂತೆ ಕಿರುಸಾಲ ಕೊಡುವವರು ನೋಂದಾಯಿಸಿಕೊಳ್ಳಬೇಕು. ಬಲಾತ್ಕಾರದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ. ನೋಂದಣಿಯಿಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವು ತೀರಿತೆಂದೇ ಭಾವಿಸತಕ್ಕದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕು, ಹಣಕಾಸು ಸಂಸ್ಥೆಗಳು ಇದರ ಹೊರಗಿವೆ, ಖಾಸಗಿ ಸಾಹುಕಾರನು ಹೊರಗಿಲ್ಲ. ಕಾತ್ಯಾಯನನ ಮಾತು ಹೀಗೆ ಸುತ್ತಿ ಬಂದಿದೆ.

ಉಳಿದ ಎರಡು ದಾರಿಗಳಲ್ಲಿ ನಡೆಯುವುದು ಹೇಗೆ

ಸಾಹುಕಾರನಿಗೆ ಇಂದು ಹಕ್ಕೇ ಇಲ್ಲವೆಂದು ಕೆಲವರು ನಿರಾಶೆಯಿಂದ ಹೇಳುತ್ತಾರೆ. ಅದು ಸರಿಯಲ್ಲ. ಹಕ್ಕು ಇದೆ, ಆದರೆ ಅದು ಕಾಗದದಲ್ಲಿ ಮತ್ತು ಕಾಲದಲ್ಲಿದೆ.

ಬಡ್ಡಿ ವ್ಯವಹಾರವನ್ನೇ ಉದ್ಯೋಗವಾಗಿ ಮಾಡುವವನಿಗೆ ಪರವಾನಗಿ ಬೇಕೇ ಬೇಕು. ನೆಂಟರಿಗೆ, ಗೆಳೆಯರಿಗೆ ಎಂದೋ ಒಮ್ಮೆ ಕೊಟ್ಟ ಕೈಗಡವು ಉದ್ಯೋಗವೆನಿಸದು. ವಾಗ್ದಾನ ಪತ್ರಕ್ಕೆ ಸರಿಯಾದ ಸ್ಟಾಂಪು ಹಚ್ಚಿರಬೇಕು, ಹಚ್ಚದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸದು. ೧೯೬೩ರ ವಾಯಿದೆ ಕಾಯಿದೆಯಂತೆ ಸಾಮಾನ್ಯ ಸಾಲದ ದಾವೆಗೆ ಮೂರು ವರ್ಷ, ಆಸ್ತಿ ಅಡಮಾನದ ಸಾಲಕ್ಕೆ ಹನ್ನೆರಡು ವರ್ಷ. ಅವಧಿ ಮುಗಿಯುವ ಮೊದಲೇ ಸಾಲಗಾರನು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಅಂದಿನಿಂದ ಹೊಸ ಅವಧಿ. ಮಹಾವೀರ ನಿರ್ವಾಣದ ದೀಪಾವಳಿಯಂದು ಹೊಸ ಖಾತೆ ತೆರೆಯುವಾಗ ಬಾಕಿಗೆ ಸಹಿ ಪಡೆಯುವ ಹಿರಿಯರ ರೂಢಿಗೆ ಹೀಗೆ ಕಾನೂನಿನ ಬೆಲೆಯೂ ಇದೆ. ಕಿರ್ದಿ-ಖತಾವಣಿಯ ಬರಹವು ಸಾಕ್ಷ್ಯವೇನೋ ಹೌದು. ಆದರೆ ಅದೊಂದರಿಂದಲೇ ಯಾರ ಮೇಲೂ ಸಾಲ ಹೊರಿಸಲಾಗದು. ಹಳೆಯ ಸಾಕ್ಷ್ಯ ಕಾಯಿದೆಯ ೩೪ನೆಯ ಕಲಮು ಹೇಳಿದ ಇದನ್ನೇ ಈಗಿನ ಸಾಕ್ಷ್ಯ ಅಧಿನಿಯಮದ ೨೮ನೆಯ ಕಲಮು ಹೇಳುತ್ತದೆ.

ಚೆಕ್ಕು ಮರಳಿದರೆ, ಬ್ಯಾಂಕಿನಿಂದ ತಿಳಿದ ೩೦ ದಿನಗಳೊಳಗೆ ನೋಟೀಸು ಕೊಡಬೇಕು. ಅದು ತಲುಪಿದ ೧೫ ದಿನಗಳಲ್ಲಿ ಹಣ ಬಾರದಿದ್ದರೆ ನಂತರದ ಒಂದು ತಿಂಗಳೊಳಗೆ ೧೩೮ನೆಯ ಕಲಮಿನಂತೆ ಫಿರ್ಯಾದು. ಚೆಕ್ಕಿನ ಹಿಂದಿರುವ ಸಾಲವು ಕಾನೂನಿನಂತೆ ವಸೂಲಾಗತಕ್ಕದ್ದೇ ಆಗಿರಬೇಕು. ಬರಿಯ ಸಹಿ ಹಾಕಿಸಿದ ಖಾಲಿ ಚೆಕ್ಕು, ಖಾಲಿ ಸ್ಟಾಂಪು ಕಾಗದಗಳನ್ನು ಮನಬಂದಂತೆ ತುಂಬುವುದು ಕೂಟಲೇಖಕ್ರಿಯೆಯ ಹೊಸ್ತಿಲು. ಶ್ರಾವಕನು ಅವುಗಳನ್ನು ಪಡೆಯದಿರುವುದೇ ಲೇಸು.

ಡಿಕ್ರಿ ಸಿಕ್ಕ ಮೇಲೂ ಮನೆಗೆ ನುಗ್ಗುವಂತಿಲ್ಲ. ಜಪ್ತಿ ನ್ಯಾಯಾಲಯದ ಮೂಲಕವೇ ಆಗಬೇಕು. ಉಡುಗೆ, ಹಾಸಿಗೆ, ಅಡಿಗೆಯ ಪಾತ್ರೆ, ಕುಶಲಕರ್ಮಿಯ ಉಪಕರಣ, ರೈತನ ಎತ್ತು, ಒಕ್ಕಲುತನದ ಸಲಕರಣೆ, ಬೀಜದ ಕಾಳುಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೆಯ ಕಲಮು ಜಪ್ತಿಯಿಂದ ಕಾಪಾಡುತ್ತದೆ. ಅನ್ನಪಾನನಿರೋಧದ ನಿಷೇಧವು ಕಾನೂನಿನ ಭಾಷೆಯಲ್ಲಿ ಬಂದಂತಿದೆ ಇದು. ಕೊಡಲು ಶಕ್ತಿಯಿಲ್ಲದವನನ್ನು ಸೆರೆಗೆ ಕಳುಹಿಸಲಾಗದೆಂದು ೧೯೮೦ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ತಂದೆಯ ಸಾಲವನ್ನು ಮಗನು ತೀರಿಸಲೇಬೇಕೆಂಬ ಮಿತಾಕ್ಷರದ ಧರ್ಮಋಣದ ತತ್ತ್ವವೂ ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರದ ಸಾಲಗಳಿಗೆ ಅನ್ವಯಿಸದು. ಸತ್ತವನ ಆಸ್ತಿ ವಾರಸುದಾರರಿಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅವರ ಹೊಣೆ.

ಧರ್ಮ ಮತ್ತು ವ್ಯವಹಾರ ಎರಡೂ ಕೂಡುವ ಸ್ಥಾನವೊಂದಿದೆ, ಅದು ಲೋಕ ಅದಾಲತ್. ಅಲ್ಲಿ ಇಬ್ಬರೂ ಒಪ್ಪಿದ ಕಂತಿನ ಕರಾರು ಡಿಕ್ರಿಯಷ್ಟೇ ಬಲವುಳ್ಳದ್ದು. ಮೇಲ್ಮನವಿಯ ತಂಟೆಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ಸಂಬಂಧವೂ ಉಳಿಯುತ್ತದೆ.

ಬಸದಿಯ ಹಣದ ವಿಚಾರ

ಬಸದಿಯ ಟ್ರಸ್ಟುಗಳಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕಾಗಿದೆ. ದೇವದ್ರವ್ಯವು ಸುಮ್ಮನೆ ಇರುವ ಬದಲು ಸಮಾಜದವರಿಗೇ ಬಡ್ಡಿಗೆ ಕೊಟ್ಟರೆ ಇಬ್ಬರಿಗೂ ಲಾಭವೆಂಬ ಆಲೋಚನೆ ಮೇಲ್ನೋಟಕ್ಕೆ ಹಿತವೆನಿಸುತ್ತದೆ. ಆದರೆ ೧೯೬೧ರ ಆದಾಯ ತೆರಿಗೆ ಕಾಯಿದೆಯು ಧರ್ಮಾರ್ಥ ಟ್ರಸ್ಟಿನ ಹಣವನ್ನು ತೊಡಗಿಸುವ ಮಾರ್ಗಗಳನ್ನು ಗೊತ್ತುಪಡಿಸಿತು. ಖಾಸಗಿ ವ್ಯಕ್ತಿಗೆ ಕೈಸಾಲ ಕೊಡುವುದು ಅವುಗಳಲ್ಲಿಲ್ಲ. ಈಚಿನ ಕಾನೂನೂ ಆ ನಿಲುವನ್ನು ಬಿಟ್ಟಿಲ್ಲ. ತೆರಿಗೆಯ ವಿನಾಯಿತಿಗೇ ಇದರಿಂದ ಕುತ್ತು ಬರಬಹುದು. ಅದಕ್ಕಿಂತ ದೊಡ್ಡ ತೊಡಕು ಧರ್ಮದ್ದು. ಸ್ವಂತ ಹಣವಾದರೆ ಕಷ್ಟದಲ್ಲಿರುವವನಿಗೆ ಬಿಟ್ಟುಕೊಟ್ಟು ಪುಣ್ಯ ಕಟ್ಟಿಕೊಳ್ಳಬಹುದು. ದೇವರ ಹಣವನ್ನು ಬಿಟ್ಟುಕೊಡುವ ಅಧಿಕಾರ ವಿಶ್ವಸ್ಥನಿಗಿಲ್ಲ. ಕೇಳಿದರೆ ಸಾಧರ್ಮಿಯೊಡನೆ ವೈಮನಸ್ಯ, ಕೇಳದಿದ್ದರೆ ದೇವದ್ರವ್ಯದ ನಷ್ಟ. ಕ್ಷಮಿಸಲಾಗದ ಹಣವನ್ನು ಸಾಲವಾಗಿ ಕೊಡದಿರುವುದೇ ಇದಕ್ಕೆ ಪರಿಹಾರ. ಬಡ ಸಾಧರ್ಮಿಯ ನೆರವಿಗೆ ಬೇರೆಯ ದಾನನಿಧಿ ಇರಲಿ, ಅಲ್ಲಿಂದ ಕೊಟ್ಟುದು ಸಹಾಯವೆಂದೇ ಕೊಟ್ಟುದಾಗಲಿ.

ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುತ್ತ ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಗಳಿಸುವುದರಲ್ಲಿ ಮಾತ್ರವಲ್ಲ, ಮರಳಿ ಪಡೆಯುವುದರಲ್ಲಿಯೂ ಆ ನ್ಯಾಯ ಬೇಕು. ದಶಲಕ್ಷಣ ಪರ್ವದ ಮೊದಲ ಧರ್ಮ ಉತ್ತಮ ಕ್ಷಮೆ. ಈ ವರ್ಷದ ಪರ್ವಕ್ಕೆ ಮುನ್ನ ಪ್ರತಿಯೊಂದು ಅಂಗಡಿಯವರೂ ತಮ್ಮ ಹಳೆಯ ಬಾಕಿಯ ಪಟ್ಟಿಯನ್ನು ತೆಗೆದು ನೋಡಲಿ. ಬರಬಹುದಾದುದಕ್ಕೆ ಒಳ್ಳೆಯ ಮಾತಿನಿಂದ ಕಂತು ಕಟ್ಟಿಸಿಕೊಳ್ಳಲಿ. ಒಪ್ಪದವರ ವಿಷಯದಲ್ಲಿ ವಾಯಿದೆ ಮೀರುವ ಮೊದಲು ವಕೀಲರನ್ನು ಕಾಣಲಿ. ಎಂದಿಗೂ ಬಾರದುದನ್ನು ಬಿಟ್ಟೆನೆಂದು ಬರೆದು, ಪತ್ರವನ್ನು ಸಾಲಗಾರನ ಅಥವಾ ಅವನ ಮನೆಯವರ ಕೈಗೆ ಮರಳಿಸಲಿ.